ಈಜು ಕಲಿಕೆ: 4 ಅಡಿ ನೀರಲ್ಲೂ ಗಾಬರಿ, ಕಾಲು ಮುಳುಗುತ್ತೆ, ಉಸಿರು ಕಟ್ಟುತ್ತೆ. ಮೊದಲು ಯಾವುದು ಸರಿ ಮಾಡ್ಕೊಳ್ಳೋದು?

ಹೊಸನೀರು
ಮೈಸೂರಲ್ಲಿ ಬೆಳಗಿನ ಬ್ಯಾಚ್. ವಯಸ್ಸು 38, ಎತ್ತರ 5 ಅಡಿ 6 ಇಂಚು. ನೀರು 4 ಅಡಿ, ಎದೆ ಮಟ್ಟ. ಮೊದಲ ವಾರವೇ ಹಿಡಿದು ತೇಲೋ ಬೋರ್ಡ್ ಕೊಟ್ಟು ಕಾಲು ಬಡೀರಿ ಅಂದಿದ್ದಾರೆ. ತೊಂದರೆ ಮೂರು. ಮುಖ ನೀರಲ್ಲಿಟ್ಟರೆ 4-5 ಸೆಕೆಂಡಿಗೆ ಎದೆ ಬಿಗಿಯುತ್ತೆ. ಮಲಗಿದ್ರೆ ಕಾಲು ಕೆಳಗೆ ಹೋಗುತ್ತೆ. ಮಲಗಿದ ಮೇಲೆ ವಾಪಸ್ ಎದ್ದು ನಿಲ್ಲೋಕೆ ಬರಲ್ಲ, ಕೈಕಾಲು ಬಡಿದು ಹೇಗೋ ಏಳೋದು. ಯಾವುದರಿಂದ ಶುರು ಮಾಡಲಿ?

ಕೊಳದಕಟ್ಟೆ
ಮೂರನೇದರಿಂದ. ಎದ್ದು ನಿಲ್ಲೋದು ಬಂದಿಲ್ಲ ಅಂದ್ರೆ ಉಳಿದಿದ್ದು ಯಾವುದೂ ಕೂರಲ್ಲ. ಬೇಕಾದಾಗ ನಿಲ್ಲಬಲ್ಲೆ ಅನ್ನೋದು ಮೈಗೆ ಖಾತ್ರಿ ಆಗೋವರೆಗೂ ಕತ್ತು, ಭುಜ ಬಿಗಿಯಾಗೇ ಇರುತ್ತೆ. ಬಿಗಿದ ಮೈ ತೇಲಿದ್ರೂ ಅಡ್ಡ ಮಲಗಲ್ಲ. ಎಷ್ಟೋ ಪೂಲ್‌ಗಳಲ್ಲಿ ಇದನ್ನ ಬಿಟ್ಟು ನೇರ ಬೋರ್ಡಿಗೆ ಹೋಗ್ತಾರೆ, 21 ದಿನದ ಬ್ಯಾಚಲ್ಲಿ ಏನೋ ತೋರಿಸಬೇಕಲ್ಲ.

ಬೋರಲಾಗಿ ತೇಲ್ತಾ ಇದ್ದೀರಿ, ಕೈ ಮುಂದಕ್ಕೆ ಚಾಚಿದೆ ಅಂದ್ಕೊಳ್ಳಿ. ಎರಡೂ ಮೊಣಕಾಲನ್ನ ಎದೆ ಹತ್ತಿರಕ್ಕೆ ಎಳ್ಕೊಳ್ಳಿ. ಅದೇ ಹೊತ್ತಿಗೆ ಚಾಚಿದ ಕೈಯನ್ನ ನೇರವಾಗೇ ಇಟ್ಟು ಅಂಗೈಯಿಂದ ನೀರನ್ನ ಕೆಳಕ್ಕೆ, ತೊಡೆ ಕಡೆಗೆ ಒತ್ತಿ. ಸೊಂಟ ತಾನಾಗೇ ತಿರುಗಿ ಪಾದ ಮೈಯ ಕೆಳಗೆ ಬರುತ್ತೆ. ಆಗ ಕಾಲು ಇಳಿಸಿ, ಪಾದ ಎರಡೂ ನೆಲಕ್ಕೆ ತಾಗಿದ ಮೇಲೆ ತಲೆ ಎತ್ತಿ.

ತಪ್ಪೋದು ಕೊನೆಯ ಮಾತಲ್ಲೇ. ಎಲ್ಲರೂ ತಲೆ ಮೊದಲು ಎತ್ತುತ್ತಾರೆ. ಕಾಲು ಇನ್ನೂ ಹಿಂದೆ ಇರುತ್ತೆ, ಬೆನ್ನು ಬಿಲ್ಲಾಗುತ್ತೆ, ಪಾದ ನೆಲ ಹುಡುಕಿ ಜಾರುತ್ತೆ, ಬಾಯಿಗೆ ನೀರು. ಆಮೇಲೆ "ಆಳ ಜಾಸ್ತಿ ಇದೆ" ಅಂತ ದೂರು.

ಅಂಗಾತ ತೇಲುವಾಗ ಬೇರೆ ಕ್ರಮ. ಗಲ್ಲ ಎದೆಗೆ ತನ್ನಿ, ಕುರ್ಚಿಯಲ್ಲಿ ಕೂರೋ ಹಾಗೆ ಮೊಣಕಾಲು ಮಡಚಿ, ಕೈಯನ್ನ ಪಕ್ಕದಿಂದ ಹಿಂದಕ್ಕೆ ಒಯ್ದು ಅಲ್ಲಿಂದ ಮುಂದಕ್ಕೆ ನೀರು ಬಾಚಿ. ಮೈ ನೇರ ಆಗುತ್ತೆ, ಆಮೇಲೆ ಕಾಲು ಚಾಚಿ. ಈ ಎರಡು ಸೆಕೆಂಡ್ ಮೂಗಿಂದ ಉಸಿರು ಹೊರಗೆ ಬಿಡ್ತಾನೇ ಇರಿ, ಇಲ್ಲಾಂದ್ರೆ ಮೂಗಿಗೆ ನೀರೇರಿ ನೆತ್ತಿ ಉರಿಯುತ್ತೆ.

ಮೊದಲು ಒಂದು ಕೈಯಲ್ಲಿ ಕಂಬಿ ಹಿಡಿದು ಹತ್ತು ಸಲ, ಆಮೇಲೆ ಗೋಡೆಯಿಂದ ಒಂದು ಮಾರು ದೂರದಲ್ಲಿ. ಕಣ್ಣು ಮುಚ್ಚಿಯೂ ಸಲೀಸಾಗಿ ನಿಲ್ಲೋಕೆ ಬಂದ್ರೆ ಮುಂದಕ್ಕೆ ಹೋಗಬಹುದು.

ನೀಲಿಕನ್ನಡಕ
ಇದಕ್ಕೆ ಒಂದು ಸೇರಿಸ್ತೀನಿ. ನೀರಲ್ಲಿ ನಡೆಯೋದನ್ನೂ ಬಿಡಬೇಡಿ. ಎದೆಮಟ್ಟದ ನೀರಲ್ಲಿ ಮುಂದಕ್ಕೆ, ಹಿಂದಕ್ಕೆ, ಅಡ್ಡಕ್ಕೆ ಐದೈದು ನಿಮಿಷ. ಅಂಗೈ ಅಗಲ ಮಾಡಿ ನೀರು ತಳ್ಳಿದ್ರೆ ಎಷ್ಟು ಹಿಡಿತ ಸಿಗುತ್ತೆ, ಬೆರಳು ಕೆಳಗೆ ಮಾಡಿ ಸೀಳಿದ್ರೆ ಹೇಗೆ ಜಾರುತ್ತೆ ಅಂತ ಕೈಗೆ ಗೊತ್ತಾಗೋದು ಆಗಲೇ. ನಮ್ಮ ಲೇಡೀಸ್ ಬ್ಯಾಚಲ್ಲಿ ಇದನ್ನ ಎಲ್ಲರೂ ಹಾರಿಸಿಬಿಡ್ತಾರೆ.

ಬೆಂಡಿನ_ಭಾವಿ
ಪೂಲಿನ ಮಂದಿ ಬೋರ್ಡು ಕಂಬಿ ಅಂತೀರಿ. ನಮ್ಮ ಕಡೆ ಭಾವ್ಯಾಗ ಬೆಂಡು ಕಟ್ಟೇ ಕಲಸ್ತಾರ್ರಿ. ಒಣಗಿದ ಕತ್ತಾಳಿ ಬೆಂಡು, ಇಲ್ಲಾ ಒಣ ಸೋರೆಬುರುಡಿ. ಕಟ್ಟೂದ್ರಾಗ ಐತಿ ನೋಡ್ರಿ ಕರಾಮತ್ತು. ಕಂಕುಳ ಕೆಳಗ, ಬೆನ್ನಿನ ಮ್ಯಾಲ್ಭಾಗಕ್ಕ ಬರಬೇಕು. ನಡಕ್ಕ ಕಟ್ಟಿದ್ರ ಕುಂಡಿ ಮ್ಯಾಲ, ಮುಖ ಕೆಳಗ, ತಿಂದ ನೀರು ಹೊಟ್ಟಿ ತುಂಬ. ಕೈಕಾಲು ಹತೋಟಿಗೆ ಬಂದಂಗೆಲ್ಲಾ ಬೆಂಡು ಕಡಿಮಿ ಮಾಡಕೊಂತ ಹೋಗೂದು. ಕೋಚ್ ಇಲ್ಲ, ಫೀ ಇಲ್ಲ. ಇದರಾಗ ತಪ್ಪೇನೈತ್ರಿ?

ಕೆಂಪುಬಾವುಟ
ಬೆಂಡಲ್ಲಿ ತಪ್ಪಿಲ್ಲ, ಬಾವೀಲಿ ಇದೆ. ಬಾವೀಲಿ ನಿಲ್ಲೋಕೆ ಜಾಗ ಇಲ್ಲ. ಕೊಳದಕಟ್ಟೆಯವರು ಮೇಲೆ ಹೇಳಿದ ಮೊದಲ ಪಾಠಾನೇ ಅಲ್ಲಿ ಮಾಡೋಕಾಗಲ್ಲ. ಎರಡನೇದು, ಆಳದ ಬಾವೀಲಿ ಮೇಲಿನ ಒಂದೆರಡು ಅಡಿ ಬೆಚ್ಚಗಿದ್ರೂ ಕೆಳಗೆ ತಣ್ಣಗಿರುತ್ತೆ. ತಣ್ಣೀರು ತಟ್ಟನೆ ಎದೆಗೆ ತಾಗಿದ್ರೆ ಬಾಯಿ ತೆರೆದು ಜೋರಾಗಿ ಉಸಿರು ಎಳ್ಕೊಳ್ಳೋದು ಮೈಯ ಸಹಜ ಪ್ರತಿಕ್ರಿಯೆ, ಮನಸ್ಸಿನ ಮಾತು ಕೇಳಲ್ಲ. ಆ ಹೊತ್ತಲ್ಲಿ ಮುಖ ನೀರೊಳಗಿದ್ರೆ ಮುಗೀತು. ಈಗಂತೂ ಬೆಂಡಿನ ಬದಲು ಎಣ್ಣೆ ಕ್ಯಾನ್ ಕಟ್ತಾರೆ. ಮುಚ್ಚಳದ ವಾಷರ್ ಹೋಗಿದ್ರೆ ನಿಧಾನಕ್ಕೆ ನೀರು ತುಂಬುತ್ತೆ, ನೈಲಾನ್ ಹಗ್ಗದ ಗಂಟು ನೆಂದ ಮೇಲೆ ಜಾರುತ್ತೆ. ಎರಡೂ ಕಣ್ಣಿಗೆ ಬೀಳಲ್ಲ.

ಬೆಂಡಿನ_ಭಾವಿ
ಕ್ಯಾನಿನ ಮಾತು ಒಪ್ಪಿದೆ. ದೂಡಿ ಕಲಸೂದನ್ನಂತೂ ನಾನೂ ಒಪ್ಪೂದಿಲ್ರಿ. ದೂಡಿಸ್ಕೊಂಡಾವ ಈಜು ಕಲಿಯೂದಿಲ್ಲ, ದಂಡಿಗೆ ಬಡಕೊಂಡು ಬರೂದು ಕಲೀತಾನ ಅಷ್ಟ. ಆದ್ರ ಹಳ್ಯಾಗ ಪೂಲ್ ಎಲ್ಲೈತ್ರಿ? ಮೆಟ್ಟಲ ಭಾವಿ ಇದ್ರ ಎದಿಮಟ್ಟ ನೀರಿರೂ ಮೆಟ್ಟಲ ಮ್ಯಾಲ ನಿಂತು, ನಡಕ್ಕ ಹಗ್ಗ ಕಟ್ಟಿ, ಹಗ್ಗದ ತುದಿ ದಂಡಿ ಮ್ಯಾಲಿನ ದೊಡ್ಡ ಮನಶ್ಯಾನ ಕೈಯಾಗ ಕೊಟ್ಟು ಮಾಡ್ಲಿ ಅಂತೀನಿ.

ಕೆಂಪುಬಾವುಟ
ಪಾಚಿ ಕಟ್ಟಿರದ ಮೆಟ್ಟಿಲು, ಹಗಲು ಹೊತ್ತು, ಮೇಲಿರೋರಿಗೆ ಈಜು ಬರಬೇಕು. ಅಷ್ಟಿದ್ರೆ ಸರಿ.

ಹೊಸನೀರು
ನಿಲ್ಲೋದು ಬಂತು ಸರ್. ತಲೆ ಕೊನೆಗೆ ಎತ್ತಿ ಅಂದಿದ್ದೇ ಕೀಲಿ. ಈಗ ಉಸಿರು. 5 ಸೆಕೆಂಡಿಗೇ ಯಾಕೆ ಎದೆ ಬಿಗಿಯುತ್ತೆ? ಹೊರಗಡೆ 40 ಸೆಕೆಂಡ್ ಹಿಡಿಯಬಲ್ಲೆ.

ಕೊಳದಕಟ್ಟೆ
"ಹಿಡಿಯಬಲ್ಲೆ" ಅಂದ್ರಲ್ಲ, ಅಲ್ಲೇ ಇದೆ ತೊಡಕು. ಈಜಲ್ಲಿ ಉಸಿರು ಹಿಡಿಯೋ ಕೆಲಸವೇ ಇಲ್ಲ. ಎದೆ ಬಿಗಿಯೋದು ಆಮ್ಲಜನಕ ಖಾಲಿ ಆಗಿದ್ದಕ್ಕಲ್ಲ, ಒಳಗೆ ಇಂಗಾಲದ ಡೈ ಆಕ್ಸೈಡ್ ಸೇರಿದ್ದಕ್ಕೆ. ಗಾಬರಿಯಲ್ಲಿ ಮೈ ಬಿಗಿದಿರುತ್ತೆ, ಎದೆ ಬಡಿತ ಜೋರಿರುತ್ತೆ, ಅದು ಬೇಗ ಸೇರುತ್ತೆ. ನೀರೊಳಗೆ ಬಿಡದೆ ಹಿಡಿದಿಟ್ಟರೆ ತಲೆ ಎತ್ತಿದಾಗ ಬಿಡೋದು, ಎಳೆಯೋದು ಎರಡೂ ಅರ್ಧ ಸೆಕೆಂಡಲ್ಲೇ ಆಗಬೇಕು. ಬಿಡೋದು ಅರ್ಧಕ್ಕೆ ನಿಲ್ಲುತ್ತೆ, ಹಳೇ ಗಾಳಿ ಮೇಲೆ ಚೂರು ಹೊಸ ಗಾಳಿ. ಹೀಗೆ ನಾಲ್ಕು ಸಲ ಆದ್ರೆ ಏದುಸಿರು. ಎಷ್ಟೋ ಜನ ಇದನ್ನ ಸ್ಟ್ಯಾಮಿನಾ ಇಲ್ಲ ಅಂತ ತಿಳ್ಕೊಂಡು ಓಡೋಕೆ ಹೋಗ್ತಾರೆ, ಪಾಪ.

ಅಭ್ಯಾಸ ಮನೇಲೇ ಶುರು ಮಾಡಿ. ಅಗಲದ ಬೋಗುಣಿ, ಮುಖ ಮುಳುಗೋಷ್ಟು ನೀರು. ಬಾಯಿಂದ ಒಂದು ಸಾಧಾರಣ ಉಸಿರು ತಗೊಳ್ಳಿ, ಎದೆ ಉಬ್ಬಿಸಿ ತುಂಬಬೇಡಿ. ಮುಖ ಇಟ್ಟು ಬಾಯಿ ಮುಚ್ಚಿ "ಮ್ ಮ್ ಮ್" ಅನ್ನಿ. ಆ ಶಬ್ದ ಇರೋವರೆಗೂ ಮೂಗಿಂದ ಗಾಳಿ ಹೋಗ್ತಾನೇ ಇರುತ್ತೆ, ನೀರು ಒಳಗೆ ಬರೋಕೆ ಜಾಗವೇ ಇಲ್ಲ. 3 ಸೆಕೆಂಡ್ ಬಿಡಿ, ಕೊನೆಯ ಚೂರನ್ನ ಜೋರಾಗಿ ಊದಿ, ಮುಖ ಎತ್ತಿ ಬಾಯಿಂದ 1 ಸೆಕೆಂಡ್ ಎಳ್ಕೊಳ್ಳಿ. ಮೂಗಿಂದ ಎಳೆಯೋದು ಬೇಡ, ತುಟಿ ಮೇಲಿನ ಹನಿ ಮೂಗಿಗೇ ಹೋಗುತ್ತೆ.

ಪೂಲಲ್ಲಿ ಇದನ್ನೇ ಹಂತ ಹಂತವಾಗಿ. ಮೊದಲು ಬಾಯಿವರೆಗೆ, ಮೂಗಿನವರೆಗೆ, ಆಮೇಲೆ ಕಣ್ಣು, ಕೊನೆಗೆ ನೆತ್ತಿ ಮುಳುಗೋಷ್ಟು. ಮುಖ ಒರೆಸಿಕೊಳ್ಳದೆ ಒಂದೇ ಲಯದಲ್ಲಿ 20 ಸಲ ಆಗಬೇಕು. ಒರೆಸ್ಕೊಳ್ಳೋ ಕೈಯೇ ಗುರುತು. ಅದು ನಿಂತ ದಿನ ಮುಖಕ್ಕೆ ನೀರು ಅಭ್ಯಾಸ ಆಯ್ತು ಅಂತ.

ಕಡಲತಡಿ
ಇಲ್ಲೊಂದು ಎಚ್ಚರಿಕೆ ಹೇಳ್ಲೇಬೇಕು. ಮುಳುಗುವ ಮೊದಲು ಜಾಸ್ತಿ ಹೊತ್ತು ಒಳಗಿರ್ಲಿಕ್ಕೆ ಆಗ್ಲಿ ಅಂತ ಹತ್ತಿಪ್ಪತ್ತು ಸಲ ಜೋರು ಜೋರು ಉಸಿರು ಎಳೆಯುವವರು ಉಂಟು. ಇಂಗಾಲದ ಡೈ ಆಕ್ಸೈಡ್ ಇಳಿದುಹೋಗಿ ಉಸಿರು ಬೇಕು ಅಂತ ಅನ್ನಿಸುವುದೇ ಇಲ್ಲ, ಆಮ್ಲಜನಕ ಮಾತ್ರ ಖರ್ಚಾಗ್ತಾ ಇರ್ತದೆ. ಸೂಚನೆಯೇ ಇಲ್ಲದೆ ನೀರೊಳಗೇ ಎಚ್ಚರ ತಪ್ತದೆ. "ಯಾರು ಜಾಸ್ತಿ ಹೊತ್ತು ಮುಳುಗಿ ಇರ್ತಾರೆ" ಅನ್ನುವ ಪಂದ್ಯ ಒಳ್ಳೇ ಈಜುಗಾರರಿಗೂ ಬೇಡ ಮಾರಾಯ್ರೆ.

ಹೊಸನೀರು
ಕಾಲು ಮುಳುಗೋದಕ್ಕೆ? ಅಂಗಾತ ಮಲಗಿದ್ರೆ 5 ಸೆಕೆಂಡಲ್ಲಿ ಕಾಲು ಇಳಿದು ನೆಟ್ಟಗಾಗಿಬಿಡ್ತೀನಿ. ಪಕ್ಕದವರು ಹಾಸಿಗೆ ಮೇಲೆ ಇದ್ದಂಗೆ ಇರ್ತಾರೆ.

ಕೊಳದಕಟ್ಟೆ
ಮೇಲೆ ಎತ್ತೋ ಗಾಳಿ ಇರೋದು ಎದೆಯಲ್ಲಿ, ಭಾರ ಇರೋದು ಸೊಂಟ, ತೊಡೆಯಲ್ಲಿ. ಹಾಗಾಗಿ ಕಾಲು ಇಳಿಯೋದು ಸಹಜ. ಕೊಬ್ಬು ಕಮ್ಮಿ, ಮಾಂಸಖಂಡ ಜಾಸ್ತಿ ಇರೋರಿಗೆ ಇನ್ನೂ ಬೇಗ. ಸಮ ಮಾಡ್ಕೊಳ್ಳೋಕೆ ಕೈಯನ್ನ ಪಕ್ಕದಿಂದ ತೆಗೆದು ತಲೆ ಆಚೆಗೆ ಚಾಚಿ, ಮಣಿಕಟ್ಟು ನೀರೊಳಗೇ ಇರಲಿ. ಮೊಣಕಾಲು ಸ್ವಲ್ಪ ಮಡಚಿ. ಕಿವಿ ಪೂರ್ತಿ ಮುಳುಗಲಿ, ಗಲ್ಲ ಸ್ವಲ್ಪ ಮೇಲೆ, ದೃಷ್ಟಿ ನೇರ ಚಾವಣಿಗೆ. ಕಾಲು ನೋಡ್ಕೊಳ್ಳೋಕೆ ತಲೆ ಎತ್ತಿದ್ರೋ, ಸೊಂಟ ಮುರಿದು ಕೂತ ಹಾಗಾಗಿ ಮುಳುಗ್ತೀರಿ. ಎದೆ ತುಂಬ ಗಾಳಿ ತಗೊಂಡು, ಸ್ವಲ್ಪ ಹೊತ್ತು ಇಟ್ಟು, ಪಟ್ ಅಂತ ಬಿಟ್ಟು ತಕ್ಷಣ ತುಂಬ್ಕೊಳ್ಳಿ. ಗಾಳಿ ಖಾಲಿ ಇರೋ ಹೊತ್ತು ಕಮ್ಮಿ ಆದಷ್ಟೂ ಒಳ್ಳೇದು. ಅಂಗಾತ ತೇಲುವಾಗ ಮಾತ್ರ ಈ ತುಂಬಿಟ್ಟುಕೊಳ್ಳೋ ಲೆಕ್ಕ, ಬೋರಲು ಈಜಿಗೆ ಮೇಲೆ ಹೇಳಿದ್ದೇ.

ಇಷ್ಟಾದ್ರೂ ಕಾಲು ಓರೆಯಾಗಿ ತೂಗಾಡಿದ್ರೆ ಬಿಡಿ. ಮೂಗು, ಬಾಯಿ ಹೊರಗಿದ್ರೆ ಅದು ತೇಲಿದ ಲೆಕ್ಕವೇ. ಚಪ್ಪಟೆ ಮಲಗಬೇಕು ಅಂತ ವಾರಗಟ್ಟಲೆ ಹಟ ಹಿಡಿಸೋ ಕೋಚ್‌ಗಳ ಮಾತು ನನಗಂತೂ ಸರಿ ಕಾಣಲ್ಲ.

ನೀಲಿಕನ್ನಡಕ
ಅಂಗಾತಕ್ಕಿಂತ ಬೋರಲು ತೇಲೋದನ್ನೇ ಮೊದಲು ಕಲಿಸಬೇಕು ಅನ್ನೋದು ನನ್ನ ವಾದ. ಕಿವಿಗೆ ನೀರು, ಎದುರಿಗೆ ಏನೂ ಕಾಣಲ್ಲ, ಹಿಂದಕ್ಕೆ ಬೀಳೋ ಅಳುಕು: ದೊಡ್ಡವರಿಗೆ ಅಂಗಾತ ತುಂಬಾ ಕಷ್ಟ. ಬೋರಲಲ್ಲಿ ಈಜು ಕನ್ನಡಕ ಇದ್ರೆ ತಳದ ಟೈಲ್ಸ್ ಕಾಣುತ್ತೆ, ಧೈರ್ಯ ಇರುತ್ತೆ.

ಕೆಂಪುಬಾವುಟ
ಕಲಿಯೋಕೆ ಸುಲಭ ಬೋರಲು, ಒಪ್ಪಿದೆ. ಆದ್ರೆ ಸುಸ್ತಾದಾಗ, ಕಾಲಿನ ಸ್ನಾಯು ಸೆಳೆತ ಹಿಡಿದಾಗ, ಕೂಗಿ ಕರೀಬೇಕಾದಾಗ ಉಳಿಸೋದು ಅಂಗಾತವೇ. ಬೋರಲಿಂದ ಅಂಗಾತಕ್ಕೆ ಉರುಳೋದನ್ನ ಎರಡನೇ ವಾರದಲ್ಲೇ ಸೇರಿಸಿಬಿಡಿ. ಒಂದು ಭುಜ ನೀರೊಳಗೆ ಇಳಿಸಿ, ಮುಖ ಅದರ ಎದುರು ಬದಿಗೆ ತಿರುಗಿಸಿ, ಸೊಂಟ ಜೊತೆಗೇ ಬರಲಿ. ತಲೆ ಎತ್ತಿ ತಿರುಗೋಕೆ ಹೋದ್ರೆ ಅರ್ಧಕ್ಕೆ ಸಿಕ್ಕಿಹಾಕ್ಕೊಳ್ತೀರಿ.

ಹೊಸನೀರು
ಬೋರ್ಡ್ ಹಿಡಿದು ಎಷ್ಟು ಬಡಿದ್ರೂ ಇದ್ದಲ್ಲೇ ಇರ್ತೀನಿ. ಒಂದೊಂದ್ಸಲ ಹಿಂದಕ್ಕೂ ಹೋಗ್ತೀನಿ, ನಗಬೇಡಿ.

ಕೊಳದಕಟ್ಟೆ
ನಗೋದೇನಿಲ್ಲ, ಮೊಣಕಾಲಿಂದ ಸೈಕಲ್ ತುಳೀತಿದ್ದೀರಿ, ಪಾದ ಎಲ್-ಆಕಾರದಲ್ಲಿ ನಿಂತಿದೆ. ಆಗ ಪಾದದ ಮೇಲ್ಭಾಗ ನೀರನ್ನ ಮುಂದಕ್ಕೆ ತಳ್ಳುತ್ತೆ, ನೀವು ಹಿಂದಕ್ಕೆ. ಒದೆತ ಸೊಂಟದ ಕೀಲಿಂದ ಬರಬೇಕು, ಮೊಣಕಾಲು ಸಡಿಲ, ಹೆಬ್ಬೆರಳು ಒಂದಕ್ಕೊಂದು ಸವರೋ ಹಾಗೆ ಪಾದ ಒಳಮುಖ. ಎರಡು ಪಾದದ ನಡುವೆ ಸುಮಾರು ಒಂದು ಅಡಿ ಅಂತರ ಸಾಕು. ಹಿಮ್ಮಡಿ ನೀರಿನ ಮೇಲ್ಮೈಯನ್ನ ಕಲಕಬೇಕು, ಪೂರ್ತಿ ಹೊರಗೆ ಬಂದು ಚಟಪಟ ಬಡಿದ್ರೆ ಬರೀ ಸದ್ದು. ದಿನಾ ಓಡೋರಿಗೆ, ಬೂಟು ಹಾಕೋರಿಗೆ ಕಣಕಾಲು ಗಡಸು. ಮಂಡಿಯೂರಿ ಹಿಮ್ಮಡಿ ಮೇಲೆ ಕೂತು, ಪಾದದ ಮೇಲ್ಭಾಗ ನೆಲಕ್ಕೆ ಒತ್ತೋ ಹಾಗೆ ದಿನಕ್ಕೆ 2 ನಿಮಿಷ ಇರಿ. ಮಂಡಿ ನೋವಿದ್ರೆ ಬೇಡ.

ಬೋರ್ಡಿನ ಹಿಂದಿನ ಅಂಚು ಹಿಡಿದು ಅದರ ಮೇಲೆ ಭಾರ ಹಾಕಿ ತಲೆ ಎತ್ತಿದ್ರೆ ಸೊಂಟ ಇಳಿಯುತ್ತೆ. ಮೊಣಕೈವರೆಗೆ ಬೋರ್ಡ್ ಮೇಲಿಟ್ಟು ಮುಂದಿನ ಅಂಚು ಹಿಡೀರಿ, ಮುಖ ನೀರಲ್ಲಿ, ಕಣ್ಣು ನೇರ ತಳಕ್ಕೆ.

ನೀಲಿಕನ್ನಡಕ
ಸಾಮಾನಿನ ವಿಷಯ ಯಾರೂ ಎತ್ತಿಲ್ಲ. ಕನ್ನಡಕ ತಗೊಳ್ಳುವಾಗ ಪಟ್ಟಿ ಹಾಕದೆ ಬರೀ ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಡಿ. ಎರಡು ಮೂರು ಸೆಕೆಂಡ್ ಅಂಟಿಕೊಂಡ್ರೆ ನಿಮ್ಮ ಮುಖಕ್ಕೆ ಸರಿ. ಬೀಳುತ್ತೆ ಅಂದ್ರೆ ಪಟ್ಟಿ ಎಷ್ಟು ಬಿಗಿದ್ರೂ ನೀರು ಬರುತ್ತೆ, ಕಣ್ಣ ಸುತ್ತ ಕರೆ ಮಾತ್ರ ಉಳಿಯುತ್ತೆ. ಒಳಗಡೆ ಬೆರಳಿಂದ ಉಜ್ಜಬೇಡಿ, ಮಂಜು ಕಟ್ಟದ ಲೇಪ ಹೋಗುತ್ತೆ. ಕಾಟನ್ ಚೂಡಿದಾರ, ಟೀ ಶರ್ಟ್ ನೀರು ಕುಡಿದು ಭಾರ ಆಗಿ ಕೈ ಎತ್ತೋಕೆ ಬಿಡಲ್ಲ. ಪೂರ್ತಿ ತೋಳು, ಮಂಡಿ ಕೆಳಗಿನವರೆಗೆ ಬರೋ ನೈಲಾನ್ ಅಥವಾ ಪಾಲಿಯೆಸ್ಟರ್ ಕಾಸ್ಟ್ಯೂಮ್ ಸಿಗುತ್ತೆ, ಮುಜುಗರ ಬೇಡ. ತಲೆಗೆ ಎಣ್ಣೆ ಹಚ್ಚಿದ ದಿನ ಟೋಪಿ ನಿಲ್ಲಲ್ಲ.

ಇಳಿಯೋ ಮುಂಚೆ ಸ್ನಾನ ಮಾಡಿ ಅನ್ನೋದು ಶಾಸ್ತ್ರಕ್ಕಲ್ಲ. ಮೂಗಿಗೆ ಬಡಿಯೋ "ಕ್ಲೋರಿನ್ ವಾಸನೆ" ನಿಜಕ್ಕೂ ಕ್ಲೋರಿನ್ನು ಬೆವರು, ಮೂತ್ರದ ಜೊತೆ ಸೇರಿ ಆಗೋ ಕ್ಲೋರಮೀನ್. ಕಣ್ಣು ಉರಿಯೋದೂ ಹೆಚ್ಚಾಗಿ ಅದರಿಂದಲೇ.

ಕಿವಿಗೆ ನೀರು ಹೋದ್ರೆ ತಲೆ ಓರೆ ಮಾಡಿ ಕಿವಿ ಹಾಲೆ ಹಿಂದಕ್ಕೆಳೆದು ಬಿಡಿ, ಬಡ್ಸ್ ಹಾಕಬೇಡಿ. ಕಿವಿ ತಮಟೆಗೆ ತೂತಿದ್ರೆ, ಫಿಟ್ಸ್ ಇದ್ರೆ ಡಾಕ್ಟರ್ ಹತ್ರ ಕೇಳದೆ ಇಳಿಯೋದು ಬೇಡ.

ಹೊಸನೀರು
ಆಳದ ಕಡೆಗೆ ಯಾವಾಗ ಹೋಗಬಹುದು? ಬ್ಯಾಚಲ್ಲಿ "25 ಮೀಟರ್ ಆದ್ರೆ ಆಯ್ತು" ಅಂತಾರೆ.

ಕೆಂಪುಬಾವುಟ
ಆಗಲ್ಲ. 25 ಮೀಟರ್ ಹೊಡೆದು ಕೊನೆಗೆ ಕಂಬಿಗೆ ನೇತು ಬೀಳೋರು ಎಷ್ಟೋ ಜನ. ಅಮೆರಿಕದ ರೆಡ್ ಕ್ರಾಸ್ ಐದು ಸಂಗತಿ ಪಟ್ಟಿ ಮಾಡಿದೆ, ನನಗೆ ಅದೇ ಸರಿಯಾದ ಅಳತೆ ಅನ್ನಿಸುತ್ತೆ: ತಲೆ ಮುಳುಗೋ ನೀರಿಗೆ ಇಳಿದು ಮೇಲೆ ಬರೋದು, 1 ನಿಮಿಷ ತೇಲೋದು ಅಥವಾ ಕೈಕಾಲು ಆಡಿಸ್ತಾ ನಿಂತಲ್ಲೇ ಇರೋದು, ಸುತ್ತ ತಿರುಗಿ ದಡ ಎಲ್ಲಿದೆ ಅಂತ ನೋಡೋದು, 25 ಗಜ ಈಜಿ ಅಲ್ಲಿಗೆ ತಲುಪೋದು, ಏಣಿ ಇಲ್ಲದೆ ಹತ್ತೋದು. ಐದೂ ಒಂದರ ಹಿಂದೆ ಒಂದು, ನಡುವೆ ವಿರಾಮ ಇಲ್ಲದೆ. ಕೊನೆಯದನ್ನ ಯಾರೂ ಅಭ್ಯಾಸ ಮಾಡಲ್ಲ. ಅಂಗೈ ಎರಡೂ ಅಂಚಿನ ಮೇಲೆ, ಒಂದ್ಸಲ ಮುಳುಗಿ ಎದ್ದು ಆ ನೆಗೆತದಲ್ಲೇ ಕಾಲು ಬಡಿದು ಹೊಟ್ಟೆವರೆಗೆ ಮೇಲೆ ಬಂದು ಬೋರಲು ಬೀಳಿ, ಆಮೇಲೆ ಒಂದು ಮಂಡಿ.

ನಿಂತಲ್ಲೇ ಇರೋದರಲ್ಲಿ ಆಗೋ ತಪ್ಪು ತಲೆ ಪೂರ್ತಿ ಹೊರಗಿಡೋ ಆಸೆ. ತಲೆಯ ತೂಕ 4-5 ಕಿಲೋ. ನೀರಿನ ಹೊರಗೆ ಹೊತ್ತುಕೊಂಡ್ರೆ ಪೂರ್ತಿ ನಿಮ್ಮ ಭಾರ. ಗಲ್ಲ ನೀರಿಗೆ ತಾಗಿರಲಿ, ಮೂಗು ಬಾಯಿ ಮಾತ್ರ ಹೊರಗೆ. ಕೈ ಎದೆ ಮುಂದೆ, ಅಂಗೈ ಸ್ವಲ್ಪ ಓರೆ ಮಾಡಿ ಹೊರಕ್ಕೆ ಒಳಕ್ಕೆ ಸವರ್ತಾ ಇರಿ. ನೀರನ್ನ ಕೆಳಕ್ಕೆ ಗುದ್ದಬೇಡಿ, ಕೈ ಎತ್ತಿದ ಕ್ಷಣ ಮುಳುಗ್ತೀರಿ. ಕಾಲು ಕಪ್ಪೆ ಒದೆತ (ಮೊಣಕಾಲು ಮಡಚಿ, ಹೊರಕ್ಕೆ ಒದ್ದು, ಕೂಡಿಸೋದು), ನಿಧಾನ. ಮೊದಲು ಆಳದ ಕಡೆ ಗೋಡೆಯಿಂದ ಒಂದು ಕೈಯಳತೆಯಲ್ಲಿ, ಕೋಚ್ ಎದುರಿಗೇ ಇರುವಾಗ.

ಕಡಲತಡಿ
ಪೂಲಲ್ಲಿ ಇಷ್ಟೆಲ್ಲ ಬಂದ ಕೂಡ್ಲೇ ಗೋಕರ್ಣ, ಮುರ್ಡೇಶ್ವರ ಅಂತ ಹೊರಡುವವರಿಗೆ: ಉಪ್ಪು ನೀರಿನ ಸಾಂದ್ರತೆ ಶೇ 2.5ರಷ್ಟು ಜಾಸ್ತಿ, ತೇಲ್ಲಿಕ್ಕೆ ಸುಲಭ ಹೌದು. ಆದ್ರೆ ಅಲೆ ಒಡೆಯುವ ಎರಡು ಜಾಗದ ನಡುವೆ ಶಾಂತವಾಗಿ, ಸ್ವಲ್ಪ ಕಪ್ಪಾಗಿ, ನೊರೆ ಆಚೆ ಹೋಗುವ ಓಣಿ ಹಾಗೆ ಕಾಣ್ತದಲ್ಲ, ಹೊಸಬರು ಅಲೆ ಇಲ್ಲ ಅಂತ ಹೇಳಿ ಅಲ್ಲಿಗೇ ಇಳಿಯುವುದು. ಅದೇ ಒಳಗೆ ಎಳೆಯುವ ಪ್ರವಾಹ. ಅದರ ಎದುರು ದಡಕ್ಕೆ ಈಜ್ಲಿಕ್ಕೆ ಹೋದ್ರೆ ಸೋತುಹೋಗ್ತೀರಿ. ಅಂಗಾತ ತೇಲಿ, ಕೈ ಎತ್ತಿ ಕರೀರಿ, ಶಕ್ತಿ ಇದ್ರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಎಳೆತ ತಪ್ಪಿದ ಮೇಲೆ ಓರೆಯಾಗಿ ದಡಕ್ಕೆ ಬನ್ನಿ. ಮಳೆಗಾಲದಲ್ಲಿ ಇಳಿಯುವ ಮಾತೇ ಬೇಡ. ಕಾವೇರಿಯಲ್ಲಿ ಮೇಕೆದಾಟು, ಮುತ್ತತ್ತಿ ಕಡೆಯೂ ಅಷ್ಟೇ, ಬಂಡೆ ನಡುವಿನ ಸುಳಿ, ಕಾಣದ ಗುಂಡಿಗೆ ಪೂಲಿನ ಈಜು ಸಾಕಾಗುವುದಿಲ್ಲ.

ಬೆಂಡಿನ_ಭಾವಿ
ಕೃಷಿ ಹೊಂಡದ ಬಗ್ಗೆ ಯಾರರ ಹೇಳ್ರಿ. ಹೊಲಕ್ಕೊಂದು ಆಗ್ಯಾವ, ಹುಡುಗೂರು ಈಜಾಕ ಇಳೀತಾವ. ಈಜು ಬರೂ ಹುಡುಗೂರೂ ಹೊರಗ ಬರಾಕ ಆಗದ ಹೋಗ್ಯಾವ.

ಕೆಂಪುಬಾವುಟ
ಅಲ್ಲಿ ನೀರಿಗಿಂತ ಇಳಿಜಾರೇ ಅಪಾಯ. ಪಾಲಿಥೀನ್ ಹೊದಿಕೆ ಮೇಲೆ ಪಾಚಿ ಕಟ್ಟಿದ್ರೆ ಬರಿಗಾಲೂ ನಿಲ್ಲಲ್ಲ, ಉಗುರು ಊರೋಕೂ ಏನಿಲ್ಲ. ಹತ್ತೋಕೆ ಒದ್ದಾಡಿದಷ್ಟೂ ಸುಸ್ತು. ಬಿದ್ದವರು ಹತ್ತೋದು ಬಿಟ್ಟು ಅಂಗಾತ ತೇಲ್ತಾ ಕೂಗಬೇಕು. ಮೇಲಿರೋರು ಇಳೀಬಾರದು, ಒಬ್ಬರ ಹಿಂದೆ ಒಬ್ಬರು ಹೋಗೋದು ಹೀಗೇ. ಪಂಚೆ, ಸೀರೆ, ಗಳ, ಏನು ಸಿಕ್ಕರೂ ಬೋರಲು ಮಲಗಿ ಚಾಚಿ, ಇಲ್ಲಾ ಖಾಲಿ ಕ್ಯಾನ್ ಎಸೆಯಿರಿ. ಮುಳುಗೋರು ಸಿನಿಮಾದಲ್ಲಿ ತೋರಿಸೋ ಹಾಗೆ ಕೂಗಲ್ಲ, ಬಾಯಿ ನೀರಿನ ಮಟ್ಟಕ್ಕೆ ಏರ್ತಾ ಇಳೀತಾ ಇರುತ್ತೆ, ಕೈ ಪಕ್ಕಕ್ಕೆ ಚಾಚಿ ನೀರು ಒತ್ತುತ್ತಾ ಇರ್ತಾರೆ, ಸದ್ದೇ ಇರಲ್ಲ.

ಹೊರಗೆ ತಂದ ಮೇಲೆ ಹೊಟ್ಟೆ ಒತ್ತೋದು, ತಲೆಕೆಳಗೆ ತೂಗಾಡಿಸಿ ತಿರುಗಿಸೋದು ಬೇಡ. ಉಸಿರಿಲ್ಲ ಅಂದ್ರೆ ತಲೆ ಹಿಂದಕ್ಕೆ ಮಾಡಿ, ಮೂಗು ಮುಚ್ಚಿ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಿ, ಆಮೇಲೆ ಎದೆ ನಡುವೆ 30 ಒತ್ತು, 2 ಉಸಿರು, ಹೀಗೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಮಾಡಲಿ. ಚೇತರಿಸಿಕೊಂಡು ಕೆಮ್ಮುತ್ತಿದ್ರೂ ಆಸ್ಪತ್ರೆಗೆ ತೋರಿಸಲೇಬೇಕು.

ಬೆಂಡಿನ_ಭಾವಿ
ಹೊಂಡಕ್ಕ ಏನೇನು ಹಾಕಿಸಬೇಕ್ರಿ?

ಕೆಂಪುಬಾವುಟ
ಸುತ್ತ ತಂತಿ ಬೇಲಿ, ಬೀಗ ಹಾಕೋ ಗೇಟು. ನಾಲ್ಕೂ ಬದಿಗೆ ಒಂದೊಂದು ದಪ್ಪ ಹಗ್ಗ, ಅಡಿಗೊಂದು ಗಂಟು ಹಾಕಿ, ಮೇಲೆ ಗಟ್ಟಿ ಗೂಟಕ್ಕೆ ಕಟ್ಟಿ, ತುದಿ ಹೊಂಡದ ತಳ ಮುಟ್ಟೋ ಹಾಗೆ ಇಳಿಬಿಡಿ. ನೀರು ಇಳಿದಾಗಲೂ ಕೈಗೆ ಸಿಗಬೇಕು. ಗೇಟಿನ ಹತ್ರ ಮುಚ್ಚಳ ಭದ್ರ ಇರೋ 20 ಲೀಟರ್ ಖಾಲಿ ಕ್ಯಾನ್ ಒಂದು, ಹೊಂಡದ ಅಗಲಕ್ಕಿಂತ ಉದ್ದದ ಹಗ್ಗ ಕಟ್ಟಿ ನೇತುಹಾಕಿ, ಔಷಧಿ ಹೊಡೆಯೋಕೆ ಅಂತ ಯಾರೂ ಅದನ್ನ ಒಯ್ಯದ ಹಾಗೆ ನೋಡ್ಕೊಳ್ಳಿ. ಬಿಸಿಲಿಗೆ ನೈಲಾನ್ ಪುಡಿಪುಡಿ ಆಗುತ್ತೆ, ಪ್ರತಿ ಬೇಸಿಗೆ ಕೊನೆಗೆ ಇಬ್ಬರು ಜಗ್ಗಿ ನೋಡಿ, ಎಳೆ ಬಿಟ್ಟಿದ್ರೆ ಹಗ್ಗ ಬದಲಾಯಿಸಿ.